ಅಳಿಸಿದ್ದು, ಅಳಿದದ್ದು

ಗಣಕಯಂತ್ರ ಕುಸಿದು ಬೀಳುವಾಗ ಆಡುವ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ಪರದೆ ನೀಲಿಯಾಗುತ್ತದೆ, ಬಿಳಿಯ ಇಂಗ್ಲಿಷ್ ಅಕ್ಷರಗಳು ತುಂಬಿಕೊಳ್ಳುತ್ತವೆ, ನಾವು ಗುಂಡಿ ಒತ್ತಿ ಮತ್ತೆ ಚಾಲೂ ಮಾಡುತ್ತೇವೆ. ಮತ್ತೆ ಚಾಲೂ ಆದರೆ ಆ ದಿನದ ಮಟ್ಟಿಗೆ ಸಂಗತಿ ಮುಗಿಯಿತು. ಆದರೆ ಅಲ್ಲಿ ಬರೆದಿರುವುದು ಒಂದು ಬಗೆಯ ಮರಣಪೂರ್ವ ಹೇಳಿಕೆ. ಮನುಷ್ಯರದ್ದಾದರೆ ಅದನ್ನು ಬರೆದುಕೊಳ್ಳಲು ಮ್ಯಾಜಿಸ್ಟ್ರೇಟರನ್ನೇ ಕರೆಸುತ್ತಾರೆ.

ಪುಣೆಯ ನಮ್ಮ ಬಳಗದ ಹಿರಿಯರಾಗಿದ್ದ ಅಕ್ಕೋರ ಗಣಕ ಕೊನೆಗೆ ಆಡಿದ ಮಾತು ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಎಂಬುದು. ಅದರ ಕೆಳಗೆ ಸೊನ್ನೆಗಳ ಸಾಲು, ಸಾಲಿನ ತುದಿಗೆ 7ಎ ಎಂಬ ಸಂಕೇತ. ಅಕ್ಕೋರು ತೀರಿಕೊಂಡ ಮೂರು ವಾರಗಳ ಬಳಿಕ ಅವರ ಮಗ ಪರದೆಯ ಫೋಟೋ ತೆಗೆದು ನಮಗೆ ಕಳಿಸಿದರು. ಧಾರವಾಡ ಸೀಮೆಯಲ್ಲಿ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ರೂಢಿ. ಅವರು ಅತ್ತ ಕಡೆಯಿಂದಲೇ ಮದುವೆಯಾಗಿ ಬಂದು, ಇಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವರು. ಹೆಸರು ಬೇಡವೆಂದು ಮನೆಯವರು ಕೋರಿದ್ದಾರೆ. ಹೆಸರಿಲ್ಲದೆ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

ನಾವು ಎಂದರೆ ಬಳಗದ ನಾಲ್ವರು. ಗಣಕದ ಒಳಗುಟ್ಟು ವೃತ್ತಿಯಿಂದ ಬಲ್ಲವರು ಒಬ್ಬರೇ; ಉಳಿದ ಮೂವರು ಕೇಂದ್ರ ಸರ್ಕಾರದ ಬೇರೆ ಬೇರೆ ಕಚೇರಿಗಳಲ್ಲಿ ಕಡತ ಸರಿಸುವವರು. ಈ ಬರಹದ ಹೊಣೆ ಇಂಗ್ಲಿಷ್ ಎಂ.ಎ. ಓದಿದವರ ಪಾಲಿಗೆ ಬಿದ್ದಿದೆ, ಅಷ್ಟೆ, ಕೆಲಸ ಎಲ್ಲರದು.

ನಾವು ಇಷ್ಟು ಆಸ್ಥೆ ವಹಿಸಿದ್ದಕ್ಕೆ ಕಾರಣ ಆ ಗಣಕದೊಳಗಿದ್ದ ಪದಕೋಶ. ತಮ್ಮ ಊರಿನ, ತಮ್ಮ ತವರಿನ ಹೊಲ-ಮನೆಯ ಮಾತುಗಳನ್ನು ಅಕ್ಕೋರು ನಿವೃತ್ತಿಯಾದಂದಿನಿಂದ ಕೂಡಿಹಾಕುತ್ತ ಬಂದಿದ್ದರು. ಹಗೇವು, ಕೂರಿಗಿ, ಮಿಣಿ, ಮೇಟಿ, ಸಿಂಬಿ, ನೆಲುವು, ಕೌದಿ. ನಿಘಂಟುಗಳಲ್ಲಿ ಇವುಗಳಲ್ಲಿ ಹಲವು ಸಿಗುತ್ತವೆ. ಸಿಗದಿರುವುದು ಅಕ್ಕೋರ ಟಿಪ್ಪಣಿ. ಪ್ರತಿ ಪದದ ಮುಂದೆ ಅವರು ‘ಆಡಿದ್ದು’, ‘ಕೇಳಿದ್ದು’, ‘ಓದಿದ್ದು’ ಎಂಬ ಮೂರರಲ್ಲೊಂದನ್ನು ಬರೆದು, ಎಲ್ಲಿ ಎಂಬುದನ್ನೂ ಸೇರಿಸುತ್ತಿದ್ದರು: ಕಣದಲ್ಲಿ, ಬಾವಿಕಟ್ಟೆಯಲ್ಲಿ, ಜಾತ್ರೆಯ ಬಂಡಿಯಲ್ಲಿ. ಬಳಗದ ಸಭೆಗಳಲ್ಲಿ ಒಂದೊಂದು ಅಕ್ಷರವನ್ನು ಓದಿ ತೋರಿಸಿದ್ದರು. ಮುದ್ರಿಸೋಣವೆಂದರೆ “ಇನ್ನಾ ಮುಗದಿಲ್ಲ ತಮ್ಮಾ” ಎನ್ನುತ್ತಿದ್ದರು. ಪ್ರತಿಗಳೆಂದು ಇದ್ದುದು ನಾಲ್ಕು ಫ್ಲಾಪಿ, ಒಂದು ಸಿ.ಡಿ. ಫ್ಲಾಪಿ ಓದುವ ಯಂತ್ರ ಹುಡುಕುವಷ್ಟರಲ್ಲಿ ಅವುಗಳ ಮೇಲೆ ಬೂಷ್ಟು ಹಿಡಿದಿರುವುದು ಕಂಡಿತು, ಸಿ.ಡಿ.ಯ ಬೆಳ್ಳಿಪದರ ಎದ್ದುಹೋಗಿತ್ತು.

7ಎ ಎಂಬ ಸಂಕೇತದ ಅರ್ಥ ಸರಳ. ವಿಂಡೋಸ್ ತನ್ನ ನೆನಪಿನ ಕೆಲವು ಪುಟಗಳನ್ನು, ಸದ್ಯಕ್ಕೆ ಬೇಡವೆಂದು, ಹಾರ್ಡ್ ಡಿಸ್ಕಿನಲ್ಲಿ ಇಟ್ಟಿರುತ್ತದೆ. ಬೇಕಾದಾಗ ತರಲು ಹೋದರೆ ಆ ಪುಟ ಓದಲು ಬರಲಿಲ್ಲ. ಸಂಶಯ ಮೂವರ ಮೇಲೆ: ಡಿಸ್ಕಿನಲ್ಲೇ ಕೆಟ್ಟ ಜಾಗ, ಡಿಸ್ಕನ್ನು ಜೋಡಿಸುವ ಕೇಬಲ್, ಇಲ್ಲವೇ ರ‍್ಯಾಮ್. ಮಗ ಮೊದಲು ಹೋದದ್ದು ಬೀದಿ ಕೊನೆಯ ರಿಪೇರಿ ಅಂಗಡಿಗೆ. ಅಲ್ಲಿನವರು ಒಂದೇ ನೋಟಕ್ಕೆ “ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕೋಣ, ಇಲ್ಲದಿದ್ದರೆ ಚೆಕ್‌ಡಿಸ್ಕ್ ಓಡಿಸೋಣ” ಎಂದರಂತೆ. ಮಗ ಗಣಕವನ್ನು ಅಲ್ಲಿ ಬಿಡದೆ ಹಿಂದಕ್ಕೆ ತಂದರು. ಅವರಿಗೆ ಆಗ ಕಾರಣ ಗೊತ್ತಿರಲಿಲ್ಲ, ಸುಮ್ಮನೆ ಮನಸ್ಸು ಒಪ್ಪಲಿಲ್ಲವಂತೆ. ಈ ಕಥೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ನಿರ್ಧಾರ ಅದೇ.

ಚೆಕ್‌ಡಿಸ್ಕ್ ಕೆಟ್ಟ ಸಲಕರಣೆಯೇನಲ್ಲ. ಫೈಲುಗಳ ಲೆಕ್ಕಪತ್ರ ತಪ್ಪಿದ್ದರೆ ಅದನ್ನು ತಾಳೆ ನೋಡಿ ಸರಿಪಡಿಸುವುದು ಅದರ ಕೆಲಸ. ಅದಕ್ಕೆ ಲೆಕ್ಕ ಮುಖ್ಯ, ಒಳಗಿನ ಬರಹ ಮುಖ್ಯವಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಿದರೆ ಗಂಟೆಗಟ್ಟಲೆ ಕೆಟ್ಟ ಜಾಗವನ್ನೇ ಕೆದಕುತ್ತದೆ. ಮೇಲಾಗಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಮನುಷ್ಯ ಇಳಿಯುತ್ತಾನೆ. ಇದು ಅಕ್ಕೋರ ಪದಕೋಶದಲ್ಲೇ ಇರುವ ಟಿಪ್ಪಣಿ. ನಾವೂ ಮೊದಲು ದೀಪವನ್ನೇ ಇಳಿಬಿಟ್ಟೆವು.

ಡಿಸ್ಕನ್ನು ಕಳಚಿ ಬದಿಗಿಟ್ಟು, ಪೆನ್ ಡ್ರೈವಿನಿಂದ ರ‍್ಯಾಮ್ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಿದೆವು. ರ‍್ಯಾಮ್ ನಿರ್ದೋಷಿ. ಬಳಿಕ ಹೊಸ ಕೇಬಲ್ ಹಾಕಿ, ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ದಾಖಲೆಯನ್ನು ಓದಿದೆವು. ಅದರಲ್ಲಿ ಹತ್ತಾರು ಸಾಲುಗಳಿರುತ್ತವೆ, ನೋಡಬೇಕಾದವು ಕೆಲವೇ. 5ನೆಯ ಸಾಲು, ಕೆಟ್ಟುಹೋದ ಸೆಕ್ಟರುಗಳಿಗೆ ಬದಲಾಗಿ ಮೀಸಲು ಜಾಗದಿಂದ ಎಷ್ಟು ಕೊಡಲಾಗಿದೆ ಎಂಬುದು. 197ನೆಯದು, ಓದಲು ಬಾರದೆ ತೀರ್ಪಿಗೆ ಕಾದಿರುವ ಸೆಕ್ಟರುಗಳು. 199ನೆಯದು ಸಾಮಾನ್ಯವಾಗಿ ಕೇಬಲಿನ ದೋಷವನ್ನು ಹೇಳುತ್ತದೆ. ಅಲ್ಲಿ ಸೊನ್ನೆ ಇತ್ತು. 197ರ ಮುಂದೆ ನೂರುಗಳಲ್ಲಿ ಸಂಖ್ಯೆ ಇತ್ತು. ಅಪರಾಧಿ ಡಿಸ್ಕೇ.

“ಮೊದಲೇ ಯಾಕೆ ಹೇಳಲಿಲ್ಲ ಅದು?” ಎಂದು ಮಗ ಕೇಳಿದರು. ಹೇಳುವ ಡಿಸ್ಕುಗಳೂ ಇವೆ, ಹೇಳದವೂ ಇವೆ. ಗೂಗಲ್ ಸಂಸ್ಥೆಯ ಸಂಶೋಧಕರು 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮಾತುಗಳಿವೆ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಅಕ್ಕೋರ ಡಿಸ್ಕು ಹೇಳುವ ಜಾತಿಯದು. ಪ್ರತಿ ತೆಗೆದ ನಂತರ ವಿಂಡೋಸಿನ ಘಟನಾ ದಾಖಲೆಯನ್ನು ತೆರೆದಾಗ, ಐದು ತಿಂಗಳ ಹಿಂದೆಯೇ ‘ಡಿಸ್ಕಿನಲ್ಲಿ ಕೆಟ್ಟ ಭಾಗವಿದೆ’ ಎಂಬ 7ನೆಯ ಸಂಖ್ಯೆಯ ದೂರು ದಾಖಲಾಗಿತ್ತು. ಯಾರೂ ನೋಡದ ಕಡೆ ದಾಖಲಾಗಿತ್ತು. ಸರ್ಕಾರಿ ನೌಕರರಾದ ನಮಗೆ ಇದು ಆಶ್ಚರ್ಯ ತರಲಿಲ್ಲ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ ಎಂದವರೂ ಇದ್ದರು. ಹಾಗೆ ತಣ್ಣಗಾದ ಡಿಸ್ಕನ್ನು ಹೊರತೆಗೆದರೆ ಒಳಗಿನ ತಟ್ಟೆಗಳ ಮೇಲೆ ಹನಿ ಕೂರುತ್ತದೆ. ತಟ್ಟೆಗೂ ಓದುವ ಹೆಡ್ಡಿಗೂ ನಡುವಿನ ಅಂತರ ಧೂಳಿನ ಕಣಕ್ಕೂ ಸಾಲದಷ್ಟು ಕಿರಿದು. ಡಿಸ್ಕು ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ನಾವು ಅದನ್ನು ಮುಟ್ಟದೆ, ದುಡ್ಡು ಕೂಡಿಸಿ, ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೇ ಕಳಿಸುತ್ತಿದ್ದೆವು. ಸದ್ದು ಸಹಜವಾಗಿತ್ತು, ಆದ್ದರಿಂದ ಮುಂದುವರಿದೆವು.

ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಗಣಕವನ್ನು ಎಬ್ಬಿಸಿ, ಹಳೆಯ ಡಿಸ್ಕಿನಿಂದ ಹೊಸದೊಂದು ಡಿಸ್ಕಿಗೆ ಇದು ಪ್ರತಿ ತೆಗೆಯುತ್ತದೆ. ಫೈಲು, ಹೆಸರು, ಭಾಷೆ ಯಾವುದನ್ನೂ ಅದು ನೋಡುವುದಿಲ್ಲ. ಸೆಕ್ಟರಿನ ಮೇಲೆ ಸೆಕ್ಟರ್ ಎತ್ತಿಡುತ್ತದೆ. 320 ಜಿ.ಬಿ. ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರುಗಳು 62 ಕೋಟಿ 51 ಲಕ್ಷಕ್ಕೂ ಹೆಚ್ಚು. ಅದರ ಜಾಣತನವೆಲ್ಲ ಕ್ರಮದಲ್ಲಿದೆ. ಓದಲು ಬಾರದ ಜಾಗ ಸಿಕ್ಕರೆ ಅಲ್ಲಿ ನಿಂತು ಹಟ ಮಾಡುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಜಿಗಿಯುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡ ಮೇಲೆ, ಬಿಟ್ಟುಬಂದ ಜಾಗಗಳ ಅಂಚನ್ನು ಸವರುತ್ತದೆ, ಆಮೇಲೆ ಒಂದೊಂದೇ ಸೆಕ್ಟರನ್ನು ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬ ನಕ್ಷೆಯನ್ನು ಬೇರೆ ಫೈಲಿನಲ್ಲಿ ಬರೆದಿಡುವುದರಿಂದ, ಕರೆಂಟು ಹೋದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮಲ್ಲೊಬ್ಬರು ಇದನ್ನು ಕೇಳಿ ನಕ್ಕರು. ಪರೀಕ್ಷೆಯ ದಿನ ಅಕ್ಕೋರು ಮಕ್ಕಳಿಗೆ ಹೇಳುತ್ತಿದ್ದುದೂ ಇದನ್ನೇ: “ಬರೂದನ್ನ ಮೊದಲ ಬರದ ಬಿಡ್ರಿ, ಬರದಿದ್ದಕ್ಕ ಆಮ್ಯಾಲೆ ತಲಿ ಕೆಡಿಸ್ಕೊಳ್ರಿ.”

ಒಂದು ರಾತ್ರಿಯಲ್ಲಿ ಡಿಸ್ಕಿನ ಬಹುಪಾಲು ಬಂದುಬಿಟ್ಟಿತು. ಉಳಿದ ಚೂರುಗಳಿಗೆ ಮೂರು ದಿನ ಬೇಕಾಯಿತು. ಕೊನೆಗೂ ಬಾರದೆ ಉಳಿದದ್ದು ಸುಮಾರು 40 ಎಂ.ಬಿ. ಮೂರು ಲಕ್ಷಕ್ಕೂ ಹೆಚ್ಚು ಎಂ.ಬಿ.ಗಳಲ್ಲಿ ನಲವತ್ತು! ನಾವು ಚಹಾ ಕುಡಿದು ಸಂಭ್ರಮಿಸಿದೆವು. ಹಳೆಯ ಡಿಸ್ಕನ್ನು ಬಿಚ್ಚಿ ಮಗನ ಕೈಗೆ ಕೊಟ್ಟೆವು. ಮುಂದಿನದೆಲ್ಲ ಪ್ರತಿಯ ಮೇಲೆ, ಅದೂ ಓದಲು ಮಾತ್ರ ಅನುಮತಿಯಿಟ್ಟು.

ಪದಕೋಶದ ಫೈಲುಗಳು ಅಕ್ಷರಕ್ಕೊಂದರಂತೆ ಇದ್ದವು. ತೆರೆದರೆ ಪುಟದ ತುಂಬ ಯುರೋಪಿನ ಯಾವುದೋ ಭಾಷೆಯನ್ನು ಮಿಕ್ಸಿಯಲ್ಲಿ ರುಬ್ಬಿದಂತಹ ಅಕ್ಷರಗಳು. ಮಗನ ಮುಖ ಸಣ್ಣದಾಯಿತು. ಎಲ್ಲ ಕೆಟ್ಟಿದೆ ಎಂದುಕೊಂಡರು. ಹಳೆಯ ಕನ್ನಡ ಟೈಪಿಂಗ್ ಬಲ್ಲ ಓದುಗರು ಈಗಾಗಲೇ ಊಹಿಸಿರುತ್ತೀರಿ: ಅದು ‘ನುಡಿ’ಯಲ್ಲಿ ಬರೆದದ್ದು, ಆ ಗಣಕದಲ್ಲಿ ಮಾತ್ರ ಆ ಫಾಂಟ್ ಇತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ. ಹಳೆಯ ವ್ಯವಸ್ಥೆಯಲ್ಲಿ ನಮ್ಮ ಅಕ್ಷರಗಳು ಲ್ಯಾಟಿನ್ ಅಕ್ಷರಗಳಿಗೆ ಗೊತ್ತುಮಾಡಿದ ಮನೆಗಳಲ್ಲಿ ಬಾಡಿಗೆಗಿದ್ದವು. ಫಾಂಟ್ ಎಂಬ ಪರದೆ ಸರಿದರೆ ಮನೆ ಮಾಲೀಕನ ಮುಖವೇ ಕಾಣುವುದು. ಫಾಂಟ್ ಹಾಕಿದೊಡನೆ ಹಗೇವು ಹಗೇವಾಯಿತು. ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ತುಸು ಕಾಡಿತು. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲೇ ಬರಬೇಕು. ಎರಡು ಭಾನುವಾರ ಕೂತು ತಿದ್ದಿದೆವು.

ಆಗ ತಿಳಿಯಿತು ಆ 40 ಎಂ.ಬಿ. ಎಲ್ಲಿತ್ತೆಂದು. ಡಿಸ್ಕಿಗೆ ಗಾಯವಾದದ್ದು ಅಕ್ಕೋರು ಇತ್ತೀಚೆಗೆ ಕೆಲಸ ಮಾಡುತ್ತಿದ್ದ ಫೈಲುಗಳಿದ್ದ ಕಡೆಯೇ. ‘ಬ’ ಎಂಬ ಫೈಲು ವರ್ಡಿನಲ್ಲಿ ತೆರೆಯಲೇ ಇಲ್ಲ. ಒಳಗಿನ ಸಂಕೇತಗಳನ್ನು ಬರಿದೇ ಹೆಕ್ಕಿದಾಗ ‘ಬೂ’ವರೆಗಿನ ಪದಗಳು ಸಿಕ್ಕವು, ಮುಂದೆ ಸಾಲುಸಾಲು ಸೊನ್ನೆ. ‘ಮ’ ಎಂಬುದು ಮೊದಲಿನಿಂದ ಕೊನೆಯವರೆಗೂ ಸೊನ್ನೆಯೇ. ಒಂದು ಸೆಕ್ಟರಿನಲ್ಲಿ ಅಕ್ಕೋರ ಎರಡು-ಮೂರು ನಮೂದುಗಳಷ್ಟೇ ಹಿಡಿಸುತ್ತವೆ. ಇಂಥ ಸೆಕ್ಟರುಗಳು ನೂರಾರು ಹೋಗಿದ್ದವು.

ಒಂದೇ ದಾರಿ ಉಳಿದಿತ್ತು. ಗಣಕದಲ್ಲಿ ಫೈಲನ್ನು ಅಳಿಸಿದರೆ ಅದು ಅಲ್ಲಿಗೆ ಹೋಗಿಬಿಡುವುದಿಲ್ಲ. ಇಂಥ ಜಾಗ ಇನ್ನು ಖಾಲಿ ಎಂದು ವಹಿಯಲ್ಲಿ ಗುರುತು ಬೀಳುತ್ತದೆ, ಅಷ್ಟೆ. ಅದರ ಮೇಲೆ ಬೇರೆ ಬರಹ ಬೀಳುವ ತನಕ ಹಳೆಯದು ಇದ್ದಲ್ಲೇ ಇರುತ್ತದೆ. ಫೋಟೋರೆಕ್ ಎಂಬ ತಂತ್ರಾಂಶ ವಹಿಯನ್ನು ಕೇಳದೆ ನೇರವಾಗಿ ನೆಲವನ್ನು ಅಗೆಯುತ್ತದೆ. ವರ್ಡ್ ಫೈಲು ಹೇಗೆ ಶುರುವಾಗುತ್ತದೆ, ಚಿತ್ರ ಹೇಗೆ ಶುರುವಾಗುತ್ತದೆ ಎಂಬ ಲಕ್ಷಣ ಅದಕ್ಕೆ ಗೊತ್ತು. ಸಿಕ್ಕಿದ್ದಕ್ಕೆ ಹೆಸರಿರುವುದಿಲ್ಲ, ತಾರೀಖು ನೆಚ್ಚುವಂತಿರುವುದಿಲ್ಲ. ‘ಎಫ್’ ಎಂಬ ಅಕ್ಷರದ ಮುಂದೆ ಸಿಕ್ಕ ಜಾಗದ ಸಂಖ್ಯೆ, ಅಷ್ಟೇ ಗುರುತು. ಅಗೆದಾಗ ಬಂದವು ಸಾವಿರಾರು. ಅವುಗಳಲ್ಲಿ ವರ್ಡ್ ಫೈಲುಗಳು ಇನ್ನೂರಕ್ಕೂ ಹೆಚ್ಚು.

ಇಲ್ಲಿಂದ ಮುಂದಿನದು ತಂತ್ರದ ವಿಷಯವಲ್ಲ. ಅಕ್ಕೋರ ಡಿಸ್ಕಿನಲ್ಲಿ ಅಳಿದದ್ದು ಬೇರೆ, ಅವರು ಅಳಿಸಿದ್ದು ಬೇರೆ. ಫೋಟೋರೆಕ್‌ಗೆ ಆ ಭೇದವಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ತುಂಬಿ ತರುತ್ತದೆ. ಕಚೇರಿಯಲ್ಲಿ ನಮಗೆ ಈ ತೊಡಕಿಲ್ಲ. ಪ್ರತಿ ಕಡತಕ್ಕೂ ಎ, ಬಿ, ಸಿ ಎಂಬ ವರ್ಗವಿದೆ: ಎ ಎಂದರೆ ಉಳಿಸಿ ಮೈಕ್ರೋಫಿಲ್ಮ್ ಮಾಡಬೇಕಾದದ್ದು, ಬಿ ಎಂದರೆ ಉಳಿಸಬೇಕು ಆದರೆ ಫಿಲ್ಮ್ ಬೇಡ, ಸಿ ಎಂದರೆ ಅವಧಿ ಮುಗಿದ ಮೇಲೆ ನಾಶ. ನಾಶಪಡಿಸಿದ್ದಕ್ಕೂ ಪಟ್ಟಿಯಿರುತ್ತದೆ, ಸಹಿಯಿರುತ್ತದೆ. ಮನೆಯ ಗಣಕದಲ್ಲಿ ಅಳಿಸಿದವರ ಸಹಿ ಎಲ್ಲಿದೆ?

ಗಣಕ ಬಲ್ಲ ಗೆಳೆಯರು ಚಿಕ್ಕದೊಂದು ಪ್ರೋಗ್ರಾಂ ಬರೆದು, ಪ್ರತಿ ಫೈಲಿನ ಮೊದಲ ಸಾಲನ್ನಷ್ಟೇ ತೋರಿಸುವಂತೆ ಮಾಡಿದರು. ಪದಕೋಶದ ಕರಡುಗಳಿಗೆ ತಲೆಬರಹವಿತ್ತು. ಅವನ್ನು ಒಂದೆಡೆ ಹಾಕಿದೆವು. ಅವುಗಳಲ್ಲಿ ‘ಮ’ದ ಹಳೆಯ ಕರಡೊಂದು ಇಡಿಯಾಗಿ ಸಿಕ್ಕಿತು. ಹನ್ನೊಂದು ಫೈಲುಗಳ ಮೊದಲ ಸಾಲು ‘ಚಿ.’ ಎಂದು ಶುರುವಾಗುತ್ತಿತ್ತು. ಪತ್ರಗಳು. ನಾವು ಎರಡನೆಯ ಸಾಲಿಗೆ ಹೋಗಲಿಲ್ಲ.

ಮಗನಿಗೆ ಎಲ್ಲವನ್ನೂ ಹೇಳಿದೆವು. ಅವರು ಪುಣೆಯಲ್ಲೇ ಮರಾಠಿಯಲ್ಲಿ ಓದಿ ಬೆಳೆದವರು. ಮನೆಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅಕ್ಕೋರು ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸಿದರು, ಮನೆಯಲ್ಲಿ ಏಕೆ ಕಲಿಸಲಿಲ್ಲವೆಂಬ ಪ್ರಶ್ನೆ ನಮ್ಮ ಬಳಗದಲ್ಲಿ ಯಾರು ಯಾರಿಗೂ ಕೇಳುವಂಥದ್ದಲ್ಲ. ನಮ್ಮ ಮಕ್ಕಳ ಮಾತು ಬಂದರೆ ನಾವೂ ತಲೆ ತಗ್ಗಿಸಬೇಕು. ಸೊಸೆ ಮರಾಠಿಯವರು. ಆಕೆ ಮೆಲ್ಲಗೆ ಮರಾಠಿಯಲ್ಲಿ ಕೇಳಿದರು: “ಅತ್ತೆ ನಮ್ಮ ಬಗ್ಗೆ ಏನಾದರೂ ಬರೆದಿದ್ದಾರೆಯೇ?” ನಾವು ಓದಿಲ್ಲ ಎಂದೆವು. ಓದಿ ಹೇಳಿ ಎಂದರೆ ಏನು ಮಾಡುವುದು ಎಂದು ನಾಲ್ವರೂ ಒಳಗೊಳಗೇ ಅಂಜುತ್ತಿದ್ದೆವು.

ಮಗ ಬಹಳ ಹೊತ್ತು ಸುಮ್ಮನಿದ್ದು, “ಓದಾಕ ಬರಂಗಿಲ್ರಿ ನಂಗ” ಎಂದರು. ತುಸು ತಡೆದು, “ಬಂದ್ರೂ ಏನ್ರಿ, ಅವ್ವ ಬ್ಯಾಡಂತ ತಾನ ಅಳಿಸ್ಯಾಳ. ನಾವ್ಯಾಕ ಎಬ್ಬಸೂಣು?”

ಸಾಹಿತ್ಯ ಓದಿದವರಿಗೆ ಇಂಥಲ್ಲಿ ಕಾಫ್ಕಾ ನೆನಪಾಗದೆ ಇರುವುದಿಲ್ಲ. ಸುಡು ಎಂದು ಹೇಳಿಹೋದ ಹಸ್ತಪ್ರತಿಗಳನ್ನು ಗೆಳೆಯ ಮ್ಯಾಕ್ಸ್ ಬ್ರಾಡ್ ಸುಡಲಿಲ್ಲ, ಲೋಕ ಆತನಿಗೆ ಕೃತಜ್ಞವಾಗಿದೆ. ನಮಗೆ ಹೆಚ್ಚು ನೆನಪಾದದ್ದು ಫಿಲಿಪ್ ಲಾರ್ಕಿನ್. ವೃತ್ತಿಯಿಂದ ಗ್ರಂಥಪಾಲಕ, ಕಾಗದ ಕಾಪಾಡುವುದೇ ಕಸುಬು. ಆತನ ಇಚ್ಛೆಯಂತೆ 1985ರಲ್ಲಿ ಮೂವತ್ತಕ್ಕೂ ಹೆಚ್ಚು ದಿನಚರಿ ಪುಸ್ತಕಗಳನ್ನು ಕಾರ್ಯದರ್ಶಿಯಾಗಿದ್ದ ಮಹಿಳೆ ಯಂತ್ರಕ್ಕೆ ಹಾಕಿ ಚಿಂದಿ ಮಾಡಿದರು. ತರಗತಿಯಲ್ಲಿ ಓದುವಾಗ ಬ್ರಾಡ್ ದೊಡ್ಡವನಾಗಿ ಕಂಡಿದ್ದ. ನಲವತ್ತು ದಾಟಿ, ತಾಯಿಯನ್ನು ಕಳೆದುಕೊಂಡ ಮನೆಯೊಂದರ ಊಟದ ಮೇಜಿನ ಮುಂದೆ ಕೂತಾಗ ಆ ಮಹಿಳೆ ದೊಡ್ಡವರಾಗಿ ಕಂಡರು. ಹನ್ನೊಂದು ಪತ್ರಗಳನ್ನು ಬೇರೊಂದು ಪೆನ್ ಡ್ರೈವಿಗೆ ಹಾಕಿ ಮಗನಿಗೇ ಕೊಟ್ಟು, ನಮ್ಮ ಪ್ರತಿಯಿಂದ ತೆಗೆದೆವು. ಈ ಬಾರಿ ಬರಿದೇ ಗುರುತು ಹಾಕಿ ಬಿಡದೆ, ಆ ಜಾಗದ ಮೇಲೆ ಸೊನ್ನೆ ಬರೆದೆವು. ಇಟ್ಟುಕೊಳ್ಳುವುದೋ ಬಿಸಾಡುವುದೋ ಅವರದೇ ತೀರ್ಮಾನ. ಅವರು ಏನು ಮಾಡಿದರೆಂದು ನಾವು ಕೇಳಿಲ್ಲ.

ಪತ್ರಗಳ ತೊಡಕು ಹೀಗೆ ಕಳೆಯಿತು; ಪದಕೋಶದ್ದು ಕಳೆಯಲಿಲ್ಲ. ಮಗ ಆಡಿದ ಮಾತು ಅದಕ್ಕೂ ತಗಲುತ್ತಿತ್ತು, ಏಕೆಂದರೆ ‘ಮ’ದ ಕರಡೂ ಅಕ್ಕೋರು ಅಳಿಸಿದ್ದೇ. ಉಳಿದ ಅಕ್ಷರಗಳ ಹಳೆಯ ಕರಡುಗಳನ್ನು ಕೊನೆಯ ಪ್ರತಿಯೊಡನೆ ಹೋಲಿಸಿ ನೋಡಿದೆವು. ಹೆಚ್ಚಿನ ಕಡೆ ಅವರು ಪದ ಸೇರಿಸುತ್ತ ಹೋಗಿದ್ದಾರೆ, ಅರ್ಥ ತಿದ್ದಿದ್ದಾರೆ. ತೆಗೆದುಹಾಕಿದ್ದು ಬಹಳ ಕಡಿಮೆ, ಮತ್ತು ಅವು ಒಂದೇ ಬಗೆಯವು: ಗಂಡ ಸತ್ತ ಹೆಂಗಸರ ಮೇಲೆ ಎಸೆಯುವ ಮಾತುಗಳು. ‘ರ’ದ ಹಳೆಯ ಕರಡಿನಲ್ಲಿ ಇದ್ದದ್ದು ಕೊನೆಯದರಲ್ಲಿ ಇಲ್ಲ, ‘ಬ’ದ ಉಳಿದ ಭಾಗದಲ್ಲೂ ಹಾಗೆಯೇ. ಅಕ್ಕೋರ ಯಜಮಾನರು ತೀರಿಕೊಂಡಾಗ ಅವರಿಗೆ ಮೂವತ್ತು ತುಂಬಿರಲಿಲ್ಲವೆಂದು ನಮಗೆ ಗೊತ್ತು. ‘ಮ’ದ ಕರಡಿನಲ್ಲಿ ಅಂಥ ಪದವೊಂದಿದೆ. ಅದರ ಮುಂದೆ ‘ಕೇಳಿದ್ದು’ ಎಂದಿದೆ. ಎಲ್ಲಿ ಎಂಬುದೂ ಇದೆ, ಇಸವಿಯೂ ಇದೆ. ಇಸವಿ ಬರೆದಿರುವುದು ಇಡೀ ಪದಕೋಶದಲ್ಲಿ ಅಲ್ಲೊಂದೇ ಕಡೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ.

ಕೊನೆಯ ‘ಮ’ದಲ್ಲಿ ಆ ಪದ ಇತ್ತೋ ಇಲ್ಲವೋ, ಅದು ಸೊನ್ನೆಯಾದ ಸೆಕ್ಟರುಗಳಿಗೇ ಗೊತ್ತು. ನಮ್ಮಲ್ಲಿ ಒಬ್ಬರ ವಾದ: ಪದಕೋಶ ಎಂದ ಮೇಲೆ ಬೈಗುಳವೂ ಇರಬೇಕು, ಒಂದು ಸೀಮೆ ತನ್ನ ಹೆಣ್ಣುಮಕ್ಕಳನ್ನು ಏನೆಂದು ಕರೆಯಿತೆಂಬುದನ್ನು ಮುಚ್ಚಿ, ಕೂರಿಗಿ-ಕೌದಿಗಳನ್ನಷ್ಟೇ ತೋರಿಸಿದರೆ ಅದು ಪ್ರದರ್ಶನದ ಹಳ್ಳಿಯಾಗುತ್ತದೆ. ವಾದದಲ್ಲಿ ಹುರುಳಿದೆ. ಆದರೆ ಆ ಸೀಮೆಯ ಪದಕೋಶ ಬರೆಯುವ ಹಕ್ಕು ಯಾರಿಗೂ ಇದೆ, ಆ ಪದವನ್ನು ಯಾರೂ ಅದರಲ್ಲಿ ಸೇರಿಸಬಹುದು. ಇದು ಅಕ್ಕೋರ ಪದಕೋಶ, ಅವರು ಅದನ್ನು ಎರಡು ಕಡೆ ಕೈಯಾರೆ ತೆಗೆದಿದ್ದಾರೆ. ಮೂವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಉಳಿದೆವು. ಆ ನಮೂದನ್ನು ಬಿಟ್ಟು, ‘ಮ’ ಭಾಗ ಹಳೆಯ ಕರಡಿನಿಂದ ತೆಗೆದದ್ದೆಂದು ಮುನ್ನುಡಿಯಲ್ಲಿ ಹೇಳುವುದೆಂದಾಯಿತು. ಒಪ್ಪದ ಗೆಳೆಯರು ಇಂದಿಗೂ ಒಪ್ಪಿಲ್ಲ. ಟೈಪು ತಿದ್ದುವ ಕೆಲಸವನ್ನು ಮಾತ್ರ ಎಲ್ಲರಿಗಿಂತ ಹೆಚ್ಚು ಅವರೇ ಮಾಡಿದ್ದಾರೆ.

ಮಗ ಈಗ ಹೊಸ ಗಣಕ ಕೊಂಡಿದ್ದಾರೆ, ಎಸ್.ಎಸ್.ಡಿ. ಇರುವಂಥದ್ದು. ಅದರಲ್ಲಿ ಫೈಲು ಅಳಿಸಿದರೆ, ಆ ಜಾಗ ಇನ್ನು ಬೇಡವೆಂಬ ಸೂಚನೆ ಡಿಸ್ಕಿಗೇ ಹೋಗುತ್ತದೆ, ಅದು ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ಖಾಲಿ ಮಾಡಿಬಿಡುತ್ತದೆ. ಫೋಟೋರೆಕ್ ಅಗೆದರೂ ಸಾಮಾನ್ಯವಾಗಿ ಏನೂ ಸಿಗದು. ಅಕ್ಕೋರು ಅದರಲ್ಲಿ ಬರೆದಿದ್ದರೆ ನಮಗೆ ‘ಮ’ವೂ ಸಿಗುತ್ತಿರಲಿಲ್ಲ, ಪತ್ರಗಳೂ ಸಿಗುತ್ತಿರಲಿಲ್ಲ.

‘ಬೆ’ಯಿಂದ ‘ಬೌ’ವರೆಗಿನ ಪದಗಳು ಯಾವ ಕರಡಿನಲ್ಲೂ ಸಿಕ್ಕಿಲ್ಲ. ಬೆಳವಲ, ಬೊಗಸಿ, ಬೇಸಗಿ ಎಂದು ನಮಗೆ ನೆನಪಾದಷ್ಟನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಅಕ್ಕೋರ ಹೆಸರಿನಲ್ಲಿ ಸೇರಿಸುವುದಿಲ್ಲ, ಅನುಬಂಧವಾಗಿ ಕೊಡುತ್ತೇವೆ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದು ಮುಂಬಯಿ, ಹೈದರಾಬಾದು, ದೆಹಲಿ, ಚೆನ್ನೈಗಳಲ್ಲಿ ನೆಲೆಸಿದ ಓದುಗರು ತಮಗೆ ತಿಳಿದದ್ದನ್ನು ಬರೆದು ಕಳಿಸಬೇಕೆಂದು ಕೋರುತ್ತೇವೆ. ಪದದ ಮುಂದೆ ಆಡಿದ್ದೋ, ಕೇಳಿದ್ದೋ, ಓದಿದ್ದೋ ಎಂದು ಗುರುತಿಸಿ, ಎಲ್ಲಿ ಎಂಬುದನ್ನೂ ಬರೆಯಿರಿ.